ಗುಡ್ಡ ಕಡಿಯದೆ ಊರು ಸೇರುವ ಹಾದಿ

ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ಮಂಗಳೂರಿನ ಪಂಪ್‌ವೆಲ್ ವೃತ್ತದಲ್ಲಿ ಅರ್ಧ ಗಂಟೆ ನಿಂತವರಿಗೆ ಒಂದು ಸೀಮೆಯ ಬದುಕು ಯಾವ ದಿಕ್ಕಿಗೆ ಹರಿಯುತ್ತಿದೆಯೆಂಬುದು ತಾನಾಗಿ ತಿಳಿಯುತ್ತದೆ. ತೊಕ್ಕೊಟ್ಟು, ಮಂಜೇಶ್ವರ, ಕಾಸರಗೋಡುಗಳಿಂದ ಬರುವ ಬಸ್ಸುಗಳು ಒಂದು ಕಡೆ, ಬಿ.ಸಿ. ರೋಡ್, ಪುತ್ತೂರು, ಬೆಳ್ತಂಗಡಿ, ಸುಳ್ಯಗಳಿಂದ ಬರುವವು ಇನ್ನೊಂದು ಕಡೆ. ಉಡುಪಿ, ಮೂಲ್ಕಿ, ಸುರತ್ಕಲ್‌ಗಳಿಂದ ಬರುವವು ಕೊಟ್ಟಾರ ಚೌಕಿಯ ಕಡೆಯಿಂದ ಊರೊಳಗೆ ನುಗ್ಗುತ್ತವೆ. ಬಾಗಿಲಲ್ಲಿ ನೇತುಬಿದ್ದ ಕಾಲೇಜು ಹುಡುಗರು, ಆಸ್ಪತ್ರೆಗೆ ಹೊರಟ ರೋಗಿಗಳು, ಅಂಗಡಿ ಕಚೇರಿಗಳಿಗೆ ದುಡಿಯಲು ಹೋಗುವ ಹೆಂಗಸರು, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಊರನ್ನು ಸೇರಬೇಕು. ಅವರ ಸುತ್ತ ಒಬ್ಬೊಬ್ಬರನ್ನೇ ಹೊತ್ತ ಕಾರುಗಳ ಸಾಲು. ಒಂದು ದಶಕದ ಕಾಲ ಕುಂಟುತ್ತ ಸಾಗಿ 2020ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ ಮೇಲ್ಸೇತುವೆಯು ಈ ದಟ್ಟಣೆಯನ್ನು ಕರಗಿಸಲಿಲ್ಲ, ತುಸು ಮುಂದಕ್ಕೆ ತಳ್ಳಿತು ಅಷ್ಟೆ.

ಕರಾವಳಿಯ ಒಂದು ನಗರದ ವಾಹನದಟ್ಟಣೆಗೂ ಘಟ್ಟದ ಜನರ ಪತ್ರಿಕೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ನಗರದ ರಸ್ತೆ ಅಗಲವಾಗುವಾಗಲೆಲ್ಲ ಅದಕ್ಕೆ ಬೇಕಾದ ಜಲ್ಲಿ ಬರುವುದು ಘಟ್ಟದ ತಪ್ಪಲಿನ ಕಲ್ಲುಕೋರೆಗಳಿಂದ, ಮರಳು ಬರುವುದು ನೇತ್ರಾವತಿ ಕುಮಾರಧಾರೆಗಳ ಒಡಲಿನಿಂದ, ತುಂಬುವ ಮಣ್ಣು ಬರುವುದು ನೆಟ್ಟಗೆ ಕಡಿದು ನಿಲ್ಲಿಸಿದ ಮುರಕಲ್ಲಿನ ಗುಡ್ಡಗಳಿಂದ. ನಗರವು ತನ್ನ ಜನರನ್ನು ಹೇಗೆ ಸಾಗಿಸುತ್ತದೆ ಎಂಬ ನಿರ್ಧಾರ ಕೊನೆಗೆ ಬಂದು ನಿಲ್ಲುವುದು ಮಲೆಯ ಬುಡದಲ್ಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಹಲವರು ಜೀವ ತೆತ್ತರು. ಗಂಗಾವಳಿಯ ತಳದಲ್ಲಿ ಹೂತಿದ್ದ ಲಾರಿಯನ್ನೂ ಅದರ ಚಾಲಕನ ದೇಹವನ್ನೂ ಮೇಲೆತ್ತಲು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಅದೇ ಮಳೆಗಾಲದಲ್ಲಿ ಶಿರಾಡಿ ಘಾಟಿಯ ರಸ್ತೆಯೂ ಕುಸಿಯಿತು, ಎಡಕುಮೇರಿಯ ಬಳಿ ರೈಲುಹಳಿಯ ಕೆಳಗಿನ ಮಣ್ಣೂ ಜಾರಿತು. ಇಷ್ಟಾದರೂ ಪ್ರತಿ ವರ್ಷ ಕೇಳಿಬರುವ ಪರಿಹಾರ ಒಂದೇ: ರಸ್ತೆಯನ್ನು ಇನ್ನೂ ಅಗಲ ಮಾಡುವುದು.

ಇದಕ್ಕೆ ಬೇರೆ ದಾರಿ ಇಲ್ಲವೆ? ಪಂಪ್‌ವೆಲ್‌ನಿಂದ ಕೂಗಳತೆಯಲ್ಲಿಯೇ ಒಂದು ರೈಲು ನಿಲ್ದಾಣವಿದೆ. ಹಿಂದೆ ಕಂಕನಾಡಿ ಎಂದು ಕರೆಯುತ್ತಿದ್ದ, ಈಗ ಮಂಗಳೂರು ಜಂಕ್ಷನ್ ಎನಿಸಿಕೊಂಡಿರುವ ಈ ನಿಲ್ದಾಣದ ಆಸುಪಾಸಿನಿಂದ ಮೂರು ದಿಕ್ಕಿಗೆ ಹಳಿಗಳು ಹೊರಡುತ್ತವೆ. ದಕ್ಷಿಣದ ಹಳಿ ನೇತ್ರಾವತಿಯನ್ನು ದಾಟಿ ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆಗಳ ಮೂಲಕ ಕಾಸರಗೋಡಿಗೆ ಹೋಗುತ್ತದೆ. ಇದು 1907ರಿಂದ ಇರುವ ಮಾರ್ಗ. ಪೂರ್ವದ ಹಳಿ ಪಡೀಲಿನಿಂದ ಫರಂಗಿಪೇಟೆ, ಬಂಟ್ವಾಳ, ಕಬಕ ಪುತ್ತೂರುಗಳನ್ನು ಹಾದು ಸುಬ್ರಹ್ಮಣ್ಯ ರೋಡ್ ಎಂದು ಹೆಸರಿಟ್ಟ ನೆಟ್ಟಣ ನಿಲ್ದಾಣವನ್ನು ಮುಟ್ಟಿ, ಅಲ್ಲಿಂದ ಘಟ್ಟವೇರಿ ಸಕಲೇಶಪುರ, ಹಾಸನಗಳಿಗೆ ಹೋಗುತ್ತದೆ. ಉತ್ತರದ ಹಳಿ ಜೋಕಟ್ಟೆ, ತೋಕೂರುಗಳ ಮೂಲಕ ಕೊಂಕಣ ರೈಲ್ವೆಯನ್ನು ಕೂಡಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಇನ್ನಂಜೆ, ಉಡುಪಿಗಳಿಗೆ ಸಾಗುತ್ತದೆ. ಬೆಳಗ್ಗೆ ಬಸ್ಸಿನಲ್ಲಿ ನೇತಾಡುವ ಜನ ಬರುವುದು ಯಾವ ಊರುಗಳಿಂದಲೋ ಹೆಚ್ಚುಕಡಿಮೆ ಅದೇ ಊರುಗಳನ್ನು ಈ ಹಳಿಗಳು ಮುಟ್ಟುತ್ತವೆ. ಒಂದು ನಡುಮಟ್ಟದ ನಗರಕ್ಕೆ, ಅಂದರೆ 2011ರ ಜನಗಣತಿಯಲ್ಲಿ ಸುತ್ತಲ ಪ್ರದೇಶವೂ ಸೇರಿ ಆರು ಲಕ್ಷ ದಾಟಿದ್ದ ಊರಿಗೆ, ನಿತ್ಯಪ್ರಯಾಣದ ರೈಲುಜಾಲವೊಂದನ್ನು ಕಲ್ಪಿಸಬೇಕೆಂದರೆ ನಕ್ಷೆ ಬರೆಯಲು ಹೊಸದಾಗಿ ಕಾಗದ ಬಿಡಿಸಬೇಕಿಲ್ಲ. ನೆಲದ ಮೇಲೆಯೇ ಅದು ಬರೆದಿದೆ.

ಹಾಗಾದರೆ ಇಲ್ಲದಿರುವುದೇನು? ಜನರಿಗೆ ಬೇಕಾದ ಹೊತ್ತಿಗೆ, ಬೇಕಾದ ಕಡೆ ನಿಲ್ಲುವ ಗಾಡಿ. ಈ ಹಳಿಗಳ ಮೇಲೆ ರೈಲುಗಳಿಗೇನೂ ಬರವಿಲ್ಲ. ಮುಂಬಯಿ, ದಿಲ್ಲಿ, ಚೆನ್ನೈ, ತಿರುವನಂತಪುರಗಳಿಗೆ ಹೋಗುವ ದೂರದ ಗಾಡಿಗಳುಂಟು. ಪಣಂಬೂರಿನ ಬಂದರು, ಅಲ್ಲಿನ ಗೊಬ್ಬರ ಮತ್ತು ತೈಲದ ಕಾರ್ಖಾನೆಗಳಿಗೆ ಸೇರಿದ ಸರಕುಗಾಡಿಗಳುಂಟು. ಅವುಗಳ ನಡುವಿನ ಬಿಡುವಿನಲ್ಲಿ ದಿನಕ್ಕೆ ಕೆಲವು ಪಾಸಿಂಜರ್ ಗಾಡಿಗಳು ಓಡುತ್ತವೆ. ಅವುಗಳಲ್ಲಿ ಒಂದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆಂದು ತಿಳಿಯಲು ಸ್ಟೇಷನ್ ಮಾಸ್ತರರನ್ನೇ ಕೇಳಬೇಕು. ಉತ್ತರ ಕೇಳಿದವರು ಸಾಮಾನ್ಯವಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಾರೆ. ಕಬಕ ಪುತ್ತೂರಿಗೆ ನಿಂತುಹೋಗುತ್ತಿದ್ದ ಪಾಸಿಂಜರನ್ನು ಸುಬ್ರಹ್ಮಣ್ಯ ರೋಡ್‌ವರೆಗೆ ಮುಂದುವರಿಸಬೇಕೆಂಬ ಸಣ್ಣ ಬೇಡಿಕೆ ಈಡೇರಿದ್ದು 2025ರ ಏಪ್ರಿಲ್‌ನಲ್ಲಿ. ಹಳಿ ಇತ್ತು, ಗಾಡಿ ಇತ್ತು, ಜನ ಇದ್ದರು. ಆದರೂ ವರ್ಷಗಟ್ಟಲೆ ಮನವಿ ಬರೆಯಬೇಕಾಯಿತು.

ಈ ವಿಳಂಬಕ್ಕೆ ಒಂದು ಕಾರಣ ಹಳಿಗಳ ಒಡೆತನದಲ್ಲಿದೆ. ಮಂಗಳೂರಿನ ಎರಡೂ ಮುಖ್ಯ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. ಪಡೀಲಿನಿಂದ ಪೂರ್ವಕ್ಕೆ ಹೊರಳಿದೊಡನೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ ಸೀಮೆ. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ ನಿಗಮದ್ದು. ಸುರತ್ಕಲ್‌ನಲ್ಲಿ ಹತ್ತಿ ಬಂಟ್ವಾಳದಲ್ಲಿ ಇಳಿಯಬೇಕೆನ್ನುವ ಒಬ್ಬ ಕೂಲಿಕಾರನ ಗಾಡಿಗೆ ಮೂರು ಆಡಳಿತಗಳ ಸಮ್ಮತಿ ಬೇಕು. ಪಾಲಕ್ಕಾಡಿಗೆ ಮಂಗಳೂರು ತನ್ನ ಮಾರ್ಗದ ತುದಿ, ಮೈಸೂರಿಗೆ ಘಟ್ಟದಾಚೆಯ ತುದಿ, ಕೊಂಕಣ ರೈಲ್ವೆಗೆ ದಕ್ಷಿಣದ ತುದಿ. ಯಾರಿಗೂ ಇದು ನಡುವಲ್ಲ. ಮಂಗಳೂರಿಗೇ ಒಂದು ವಿಭಾಗ ಬೇಕೆಂಬ ಕೂಗು ಹಳೆಯದು. ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯೊಳಗೆ ವಿಲೀನಗೊಳಿಸುವ ಪ್ರಸ್ತಾಪಕ್ಕೆ 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿಗೆ ಸೂಚಿಸಿದ ಮೇಲೆ ಆ ಕೂಗಿಗೆ ಹೊಸ ಬಲ ಬಂದಿದೆ. ಆದರೆ ವಿಭಾಗದ ಕಚೇರಿ ಯಾವ ಊರಲ್ಲಿರಬೇಕೆಂಬ ಜಗಳದಲ್ಲಿ ಗಾಡಿಯ ಮಾತು ಮರೆಯದಿದ್ದರೆ ಸಾಕು. ಒಂದೇ ನಗರಕ್ಕಾಗಿ ಮೂವರೂ ಒಪ್ಪಿದ ಒಂದು ವೇಳಾಪಟ್ಟಿಯ ಕೋಷ್ಟಕವನ್ನು ತಯಾರಿಸಲು ವಿಭಾಗ ರಚನೆಯಾಗುವ ತನಕ ಕಾಯಬೇಕಾದ ಕಾರಣವಿಲ್ಲ.

ಎರಡನೆಯ ಅಡಚಣೆ ನಿಜವಾದದ್ದು. ಅದನ್ನು ಮರೆಮಾಚುವುದು ಚಳವಳಿಗೆ ಶೋಭೆಯಲ್ಲ. ಕಾಸರಗೋಡಿನ ಕಡೆಗೆ ಜೋಡಿಹಳಿಯಿದೆ. ಪುತ್ತೂರಿನ ಕಡೆಗೂ ಉಡುಪಿಯ ಕಡೆಗೂ ಇರುವುದು ಒಂಟಿಹಳಿ. ಒಂಟಿಹಳಿಯಲ್ಲಿ ಎದುರುಬದುರು ಗಾಡಿಗಳು ಒಂದನ್ನೊಂದು ದಾಟಲು ಕ್ರಾಸಿಂಗ್ ನಿಲ್ದಾಣ ಬೇಕು. ಅಂತಹ ಎರಡು ನಿಲ್ದಾಣಗಳ ನಡುವೆ ಹತ್ತು ಕಿಲೋಮೀಟರ್ ದೂರವಿದೆಯೆಂದೂ ಅಲ್ಲಲ್ಲಿ ನಿಲ್ಲುತ್ತ ಸಾಗುವ ಗಾಡಿಗೆ ಅದನ್ನು ಕ್ರಮಿಸಲು ಹದಿನೈದು ನಿಮಿಷ ಬೇಕೆಂದೂ ಇಟ್ಟುಕೊಳ್ಳೋಣ. ಸಿಗ್ನಲ್ ಕೊಡುವುದಕ್ಕೆ, ಹಳಿ ಬದಲಿಸುವುದಕ್ಕೆ ಇನ್ನೈದು ನಿಮಿಷ. ಹೋಗುವ ಗಾಡಿಗೆ ಇಪ್ಪತ್ತು, ಬರುವ ಗಾಡಿಗೆ ಇಪ್ಪತ್ತು. ಎಂದರೆ ಒಂದು ದಿಕ್ಕಿನಲ್ಲಿ ನಲವತ್ತು ನಿಮಿಷಕ್ಕೊಂದು ಗಾಡಿ, ಅದೂ ಬೇರಾವ ಎಕ್ಸ್‌ಪ್ರೆಸ್ಸೂ ಸರಕುಗಾಡಿಯೂ ಇಲ್ಲದಿದ್ದಾಗ. ಆದರೆ ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಆ ಹತ್ತು ಕಿಲೋಮೀಟರಿನ ನಡುವೆ ಒಂದೇ ಒಂದು ಕಡೆ ಎರಡನೆಯ ಹಳಿಯ ತುಣುಕೊಂದನ್ನು ಹಾಸಿ ಗಾಡಿಗಳು ದಾಟುವಂತೆ ಮಾಡಿದರೆ ನಲವತ್ತು ನಿಮಿಷ ಇಪ್ಪತ್ತೈದಕ್ಕೆ ಇಳಿಯುತ್ತದೆ. ಇಡೀ ಮಾರ್ಗವನ್ನು ಜೋಡಿಹಳಿ ಮಾಡದೆಯೇ ಗಂಟೆಗೊಂದು ಗಾಡಿ ಓಡಿಸಿ, ಉಳಿದ ಅವಧಿಯನ್ನು ದೂರದ ರೈಲು ಮತ್ತು ಸರಕಿಗೆ ಬಿಟ್ಟುಕೊಡಲು ಸಾಧ್ಯ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕ್ರಾಸಿಂಗ್ ಹಳಿಯೆಂದರೆ ಪೂರ್ಣ ಪ್ರಮಾಣದ ಸರಕುಗಾಡಿ ನಿಲ್ಲುವಷ್ಟು, ಏಳುನೂರು ಮೀಟರಿನ ಹತ್ತಿರದ ಉದ್ದವಿರಬೇಕೆಂಬುದು ರೈಲ್ವೆಯ ವಾಡಿಕೆ. ಏರುತಗ್ಗಿನ ಈ ನೆಲದಲ್ಲಿ ಏಳುನೂರು ಮೀಟರ್ ಸಮತಟ್ಟು ಜಾಗ ಸಿಗಬೇಕಾದರೆ ಎಲ್ಲೋ ಒಂದು ಗುಡ್ಡ ಕಡಿಯಬೇಕು, ಎಲ್ಲೋ ಒಂದು ಗದ್ದೆ ತುಂಬಬೇಕು. ಆದರೆ ಎಂಟು ಡಬ್ಬಿಗಳ ಮೆಮು ಗಾಡಿಯ ಉದ್ದ ಇನ್ನೂರು ಮೀಟರನ್ನು ಮುಟ್ಟುವುದಿಲ್ಲ. ಸರಕುಗಾಡಿ ಮುಖ್ಯಹಳಿಯಲ್ಲಿ ಸಾಗಲಿ, ಸಣ್ಣ ಗಾಡಿ ಪಕ್ಕಕ್ಕೆ ಸರಿದು ನಿಲ್ಲಲಿ ಎಂದು ಯೋಚಿಸಿದರೆ ಕಡಿಯುವ ಗುಡ್ಡ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಳತೆಗೋಲನ್ನು ಯಾರಿಗಾಗಿ ಹಿಡಿಯುತ್ತಾರೆಂಬುದರ ಮೇಲೆ ನೆಲದ ಭವಿಷ್ಯ ನಿಂತಿದೆ. ಮೆಮು ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆಯಿರುವುದರಿಂದ ಮಂಗಳೂರು ಸೆಂಟ್ರಲ್‌ನಂತಹ ಕೊನೆನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ತಿರುಗಿಸುವ ಕೆಲಸವೂ ಇಲ್ಲ. ಚಾಲಕ ಆ ತುದಿಯಿಂದ ಈ ತುದಿಗೆ ನಡೆದುಬಂದರೆ ಗಾಡಿ ಹೊರಡಲು ಸಿದ್ಧ. ಕರಾವಳಿಯ ದಕ್ಷಿಣೋತ್ತರ ಮಾರ್ಗಗಳೆರಡೂ ಈಗಾಗಲೇ ವಿದ್ಯುದೀಕರಣಗೊಂಡಿವೆ; ಕೊಂಕಣ ಮಾರ್ಗದಲ್ಲಿ ಆ ಕೆಲಸ 2022ರಲ್ಲಿ ಮುಗಿಯಿತು.

ಮಲೆನಾಡಿನವರು ಗಮನಿಸಬೇಕಾದ ದೇಶವೊಂದಿದ್ದರೆ ಅದು ಸ್ವಿಟ್ಜರ್ಲೆಂಡ್. ಅಲ್ಲಿಯೂ ಬೆಟ್ಟ, ಅಲ್ಲಿಯೂ ಕಣಿವೆಗಳಲ್ಲಿ ಒಂಟಿಹಳಿ. 1982ರಲ್ಲಿ ಆ ದೇಶ ತನ್ನ ರೈಲುಗಳಿಗೆಲ್ಲ ಗಡಿಯಾರದ ವೇಳಾಪಟ್ಟಿಯನ್ನು ತಂದಿತು. ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಗಾಡಿ ಬರುತ್ತದೆ. ಎಂಟು ಹತ್ತಕ್ಕೆ ಬಂದದ್ದು ಒಂಬತ್ತು ಹತ್ತಕ್ಕೂ ಬರುತ್ತದೆ, ಸಂಜೆ ಆರು ಹತ್ತಕ್ಕೂ ಬರುತ್ತದೆ. ಓದುಬರಹ ಬಾರದ ಮುದುಕಿಗೂ ಬಾಯಿಪಾಠವಾಗುವ ವೇಳಾಪಟ್ಟಿಯಿದು. 1987ರಲ್ಲಿ ಅಲ್ಲಿನ ಜನ ಮತ ಹಾಕಿ ಒಪ್ಪಿದ ಮುಂದಿನ ಯೋಜನೆಯಲ್ಲಿ ಇನ್ನೂ ಮುಖ್ಯವಾದ ನಿಯಮವೊಂದಿತ್ತು. ಮೊದಲು ವೇಳಾಪಟ್ಟಿಯನ್ನು ತೀರ್ಮಾನಿಸುವುದು. ಆ ವೇಳಾಪಟ್ಟಿ ನಡೆಯಲು ಎಲ್ಲೆಲ್ಲಿ ಎಷ್ಟು ಹಳಿ ಬೇಕೋ ಅಲ್ಲಲ್ಲಿ ಅಷ್ಟನ್ನೇ ಕಟ್ಟುವುದು. ಇಲ್ಲಿಯ ಪದ್ಧತಿ ಇದರ ತಿರುಗುಮುರುಗು. ಮೊದಲು ಕೋಟಿಗಳ ಘೋಷಣೆ, ಆಮೇಲೆ ಭೂಸ್ವಾಧೀನ, ಆಮೇಲೆ ಕಾಮಗಾರಿ. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂಬುದು ಕಟ್ಟಕಡೆಯ ಪ್ರಶ್ನೆ. ಅಷ್ಟರಲ್ಲಿ ಪ್ರಶ್ನೆ ಕೇಳಿದವರ ಮಕ್ಕಳು ಬೈಕು ಕೊಂಡಿರುತ್ತಾರೆ.

ಜರ್ಮನಿಯ ಕಾರ್ಲ್ಸ್‌ರೂ ನಗರವೂ ನಡುಮಟ್ಟದ್ದೇ, ಮೂರು ಲಕ್ಷದಷ್ಟು ಜನರ ಊರು. 1992ರಲ್ಲಿ ಅಲ್ಲಿನ ಟ್ರಾಮುಗಳು ಊರಿನ ಬೀದಿಯಿಂದ ನೇರವಾಗಿ ರಾಷ್ಟ್ರೀಯ ರೈಲ್ವೆಯ ಹಳಿಗೇ ಹತ್ತಿ ಪಕ್ಕದ ಸಣ್ಣ ಊರುಗಳವರೆಗೆ ಹೋಗತೊಡಗಿದವು. ದಾರಿಯಲ್ಲಿ ಹೊಸ ನಿಲುಗಡೆಗಳು ಹುಟ್ಟಿದವು. ಪ್ರಯಾಣಿಕರ ಸಂಖ್ಯೆ ಅಲ್ಪ ಕಾಲದಲ್ಲಿ ಹಲವು ಪಟ್ಟಾಯಿತು. ಮಂಗಳೂರಿಗೆ ಟ್ರಾಮು ಬೇಕೆಂದಲ್ಲ. ಹಂಪನಕಟ್ಟೆಯಿಂದ ಸೆಂಟ್ರಲ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಅಲ್ಲಿನ ಅನುಭವದಲ್ಲಿ ತಿಳಿಯಬೇಕಾದದ್ದು ಇಷ್ಟು: ಹಳೆಯ ಹಳಿಯ ಮೇಲೆ ಗಾಡಿ ಹೆಚ್ಚಿಸಿ, ನಿಲುಗಡೆ ಹೆಚ್ಚಿಸಿದಾಗ ಜನ ತಾವಾಗಿಯೇ ಬಂದರು.

ನಮ್ಮ ದೇಶದೊಳಗಿನ ಅನುಭವ ಇಷ್ಟು ಸಿಹಿಯಲ್ಲ. ಹೈದರಾಬಾದಿನಲ್ಲಿ 2003ರ ಆಗಸ್ಟ್‌ನಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಕೂಡಿ ಎಂಎಂಟಿಎಸ್ ಹೆಸರಿನ ಸೇವೆ ಆರಂಭಿಸಿದವು. ಇದ್ದ ಹಳಿಗಳನ್ನೇ ಬಳಸಿದ ಅಗ್ಗದ ಸೇವೆಯದು, ಜನಕ್ಕೆ ಇಷ್ಟವೂ ಆಯಿತು. ಆದರೆ ದೂರದ ಗಾಡಿಗಳಿಗೆ ದಾರಿ ಬಿಡಲು ಅದನ್ನು ಪದೇ ಪದೇ ತಡೆದು ನಿಲ್ಲಿಸಿದಾಗ ಕಚೇರಿಗೆ ಹೋಗುವವರ ನಂಬಿಕೆ ಸವೆಯಿತು. ಬೆಂಗಳೂರಿನ ಉಪನಗರ ರೈಲಿನ ಕಥೆ ಬೇರೆ ಬಗೆಯದು. 148 ಕಿಲೋಮೀಟರ್, 15,767 ಕೋಟಿ ರೂಪಾಯಿಯ ಯೋಜನೆಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಕಿಲೋಮೀಟರಿಗೆ ನೂರು ಕೋಟಿಗೂ ಮೇಲೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ನಲವತ್ತು ವರ್ಷ ಬಾಕಿ ಉಳಿದದ್ದನ್ನು ನಲವತ್ತು ತಿಂಗಳಲ್ಲಿ ಮುಗಿಸುವ ಮಾತು ಕೇಳಿಬಂತು. ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಕಳೆದುಹೋದವು. ಅಂದಿಗೆ ಒಂದು ಗಾಡಿಯೂ ಓಡಿರಲಿಲ್ಲ. ಬೆಂಗಳೂರಿನ ಜನಸಂಖ್ಯೆಗೆ ಅಂತಹ ಯೋಜನೆ ಬೇಕಾಗಿರಬಹುದು. ಮಂಗಳೂರು, ಮೈಸೂರು, ಹುಬ್ಬಳ್ಳಿಗಳಂತಹ ಊರುಗಳು ಅದೇ ಅಳತೆಯ ಅಂಗಿ ಹೊಲಿಸಲು ಹೊರಟರೆ ಬಟ್ಟೆಯೂ ಹಾಳು, ಮೈಯೂ ಬರಿದು.

ಘಟ್ಟದ ಪ್ರಶ್ನೆಗೆ ಬರಬೇಕು. ಏಕೆಂದರೆ ರೈಲಿನ ಹೆಸರೆತ್ತಿದೊಡನೆ ಮಲೆಯ ಜನ ಬೆಚ್ಚುವುದಕ್ಕೆ ಕಾರಣಗಳಿವೆ. ರೈಲು ಪರಿಸರಸ್ನೇಹಿ ಎಂಬ ಮಾತು ಅರ್ಧ ಸತ್ಯ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗಗಳು, 109 ಸೇತುವೆಗಳಿವೆ. ಐವತ್ತಕ್ಕೆ ಒಂದರ ಏರು. ಮಳೆಕಾಡಿನ ನಡುವೆ ಇದನ್ನು ಕೊರೆದದ್ದು 1970ರ ದಶಕದಲ್ಲಿ ಮುಗಿಯಿತು. ತೊಂಬತ್ತರ ದಶಕದ ನಡುವಿನಲ್ಲಿ ಗೇಜು ಬದಲಾವಣೆಗೆಂದು ನಿಂತುಹೋದ ಪ್ರಯಾಣಿಕರ ರೈಲು ಮರಳಿ ಘಟ್ಟವಿಳಿದದ್ದು 2007ರ ಡಿಸೆಂಬರ್‌ನಲ್ಲಿ. 2018ರ ಆಗಸ್ಟ್‌ನ ಮಳೆಗೆ ಹಲವು ಕಡೆ ಗುಡ್ಡ ಜಾರಿ ಮತ್ತೆ ವಾರಗಟ್ಟಲೆ ಮುಚ್ಚಿತು. ಕೊಂಕಣ ಮಾರ್ಗದಲ್ಲಿ 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿಯ ಬಳಿ ಕುಸಿದ ಗುಡ್ಡದ ಕಲ್ಲುಮಣ್ಣಿಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಮಾರ್ಗದಲ್ಲಿ ಇಂದಿಗೂ ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿಯಿದೆ, ಗಾಡಿಗಳು ನಿಧಾನಕ್ಕೆ ಸಾಗುತ್ತವೆ. ಕಡಿದ ಗುಡ್ಡಕ್ಕೆ ಅದು ಹೆದ್ದಾರಿಗೋ ಹಳಿಗೋ ಎಂಬ ಭೇದ ಗೊತ್ತಿಲ್ಲ.

ಆದ್ದರಿಂದಲೇ ಎರಡು ಮಾತುಗಳನ್ನು ಬೇರೆ ಮಾಡಿ ನೋಡುವುದು ಅಗತ್ಯ. ಘಟ್ಟದಲ್ಲಿ ಎರಡನೆಯ ಹಳಿ ಹಾಕಬೇಕೆಂಬ ಒತ್ತಾಯ ಮತ್ತೆ ಮತ್ತೆ ತಲೆಯೆತ್ತುತ್ತದೆ. ಅದರ ಹಿಂದಿರುವುದು ಬಂದರಿನ ಸರಕು ಮತ್ತು ಬೆಂಗಳೂರಿನ ಅವಸರ. ನಿತ್ಯಪ್ರಯಾಣಿಕರಿಗೂ ಅದಕ್ಕೂ ಸಂಬಂಧವಿಲ್ಲ. ಮಂಗಳೂರಿನ ಲೋಕಲ್ ಗಾಡಿಯ ಕೊನೆಯ ನಿಲ್ದಾಣ ಘಟ್ಟದ ಬುಡದ ನೆಟ್ಟಣ. ಅಲ್ಲಿಂದ ಮೇಲಕ್ಕೆ ಅದು ಒಂದಡಿಯೂ ಹತ್ತಬೇಕಿಲ್ಲ. 2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ ಹೆಚ್ಚು ಸೂಕ್ಷ್ಮವಾದ ವಲಯಗಳಲ್ಲಿ, ತೀರ ಅಗತ್ಯವೆನಿಸಿದ ಹೊರತು, ಹೊಸ ರೈಲುಮಾರ್ಗಗಳಾಗಲಿ ದೊಡ್ಡ ರಸ್ತೆಗಳಾಗಲಿ ಬೇಡವೆಂದಿತ್ತು. ಆ ವರದಿ ಮೂಲೆ ಸೇರಿತು, ನಿಜ. ಆದರೆ ಅದರ ಆ ಸಾಲನ್ನು ಮೀರದೆಯೇ ಮಂಗಳೂರಿಗೆ ಲೋಕಲ್ ರೈಲು ಓಡಬಲ್ಲದು. ಇವೆರಡನ್ನೂ ಒಂದೇ ಕಡತದಲ್ಲಿ ಕಟ್ಟಿ, ಲೋಕಲ್ ಬೇಕಿದ್ದರೆ ಘಟ್ಟದ ಜೋಡಿಹಳಿಗೂ ಹೂಂಗುಟ್ಟಿ ಎಂದು ಕೇಳುವ ದಿನ ಬಂದೇ ಬರುತ್ತದೆ. ಎತ್ತಿನಹೊಳೆಯ ವಿಷಯದಲ್ಲಿ ಕುಡಿಯುವ ನೀರಿನ ಹೆಸರು ಯಾವ ಕೆಲಸಕ್ಕೆ ಬಂತೆಂಬುದನ್ನು ಸಕಲೇಶಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಋಣದ ಲೆಕ್ಕವೂ ಇಲ್ಲಿದೆ. ಹಳಿ ಹಾಸಲು ಕಾಡು ಕೊಟ್ಟವರು, ತೋಟ ಕೊಟ್ಟವರು ಈ ತಪ್ಪಲಿನ ಊರುಗಳವರು. ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳಗಳಂತಹ ಸಣ್ಣ ನಿಲುಗಡೆಗಳ ಮುಂದೆ ಬೆಂಗಳೂರಿನ ಗಾಡಿಗಳು ಸಿಳ್ಳೆ ಹಾಕಿ ಹಾದುಹೋಗುತ್ತವೆ. ಅಡಿಕೆ ಸುಲಿದು, ಬೀಡಿ ಕಟ್ಟಿ ಬದುಕುವ ಮನೆಯ ಹುಡುಗಿ ಮಂಗಳೂರಿನ ನರ್ಸಿಂಗ್ ಕಾಲೇಜಿಗೆ ಹೋಗಬೇಕಾದರೆ ಎರಡು ಬಸ್ಸು ಬದಲಿಸಬೇಕು, ಇಲ್ಲವೆ ಹಾಸ್ಟೆಲ್ಲಿಗೆ ಹಣ ತೆರಬೇಕು. ರೈಲಿನ ತಿಂಗಳ ಪಾಸಿನ ದರ ಬಸ್ಸಿನ ಕೆಲವೇ ದಿನಗಳ ಟಿಕೇಟಿಗೆ ಸಮ. 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತನ್ನ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣವನ್ನು ಉಚಿತಗೊಳಿಸಿದಾಗ, ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ಈ ಕರಾವಳಿಯ ಬಹುಪಾಲು ಹಾದಿಗಳಿಗೆ ಅದು ತಲುಪಲೇ ಇಲ್ಲ. ಅಗ್ಗದ ರೈಲು ಇಲ್ಲಿ ಯಾರಿಗೆ ಮೊದಲು ಒದಗುತ್ತದೆಂಬುದನ್ನು ಇದರಿಂದಲೇ ಊಹಿಸಬಹುದು. ಗಡಿಯಾಚೆಯ ಕಾಸರಗೋಡಿನವರ ಪಾಡೂ ಭಿನ್ನವಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಗಡಿಯ ರಸ್ತೆಗಳು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಅಲ್ಲಿನ ರೋಗಿಗಳ ಸಂಕಟ ನ್ಯಾಯಾಲಯಗಳ ಮೆಟ್ಟಿಲೇರಿತು. ರಾಜ್ಯದ ಗಡಿ ಎಲ್ಲಿಯೇ ಇರಲಿ, ಆ ಜನರ ಪೇಟೆ ಮಂಗಳೂರೇ.

ಖಾಸಗಿ ಬಸ್ಸಿನವರ ಮಾತನ್ನು ಬಿಟ್ಟರೆ ಈ ಚರ್ಚೆ ಪ್ರಾಮಾಣಿಕವಾಗದು. ದಕ್ಷಿಣ ಕನ್ನಡ, ಉಡುಪಿಗಳ ಬಸ್ಸು ವ್ಯವಸ್ಥೆ ರಾಜ್ಯದಲ್ಲಿಯೇ ಚುರುಕಾದದ್ದು. ಐದು ನಿಮಿಷಕ್ಕೊಂದು ಬಸ್ಸು ಸಿಗುವ ಹಾದಿಗಳು ಇಲ್ಲಿ ಹಲವು. ಮಾಲೀಕರಷ್ಟೇ ಅಲ್ಲ, ಡ್ರೈವರು, ಕಂಡಕ್ಟರು, ಕ್ಲೀನರುಗಳ ಸಾವಿರಾರು ಮನೆಗಳು ಅದರ ಮೇಲೆ ನಿಂತಿವೆ. ರೈಲಿನ ಗಾಡಿ ಹೆಚ್ಚದಿರುವುದರ ಹಿಂದೆ ಬಸ್ಸಿನವರ ಕೈಯಿದೆಯೆಂಬ ಗುಸುಗುಸು ಊರಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಆಧಾರ ಹುಡುಕುವುದಕ್ಕಿಂತ ಬಸ್ಸಿಗೂ ರೈಲಿಗೂ ಕೆಲಸ ಹಂಚುವುದು ಮೇಲು. ಹಳಿಗಳು ಎಲ್ಲ ಕಡೆಗೂ ಹೋಗುವುದಿಲ್ಲ. ಬೆಳ್ತಂಗಡಿ, ಮೂಡುಬಿದಿರೆ, ಕಾರ್ಕಳಗಳಿಗೆ ರೈಲೇ ಇಲ್ಲ. ಉಡುಪಿಯ ನಿಲ್ದಾಣ ಪೇಟೆಯಿಂದ ದೂರ, ಇಂದ್ರಾಳಿಯಲ್ಲಿದೆ. ಬಂಟ್ವಾಳ ನಿಲ್ದಾಣದ ಬಾಗಿಲಿಗೆ ಬೆಳ್ತಂಗಡಿಯ ಬಸ್ಸು, ಮೂಲ್ಕಿಯ ಬಾಗಿಲಿಗೆ ಕಿನ್ನಿಗೋಳಿಯ ಬಸ್ಸು ಗಾಡಿಯ ಹೊತ್ತಿಗೆ ಸರಿಯಾಗಿ ಬಂದು ನಿಲ್ಲಬೇಕು. ಇಂದು ನಗರದೊಳಗೆ ಒಂದರ ಹಿಂದೊಂದು ಸ್ಪರ್ಧೆಗಿಳಿದು ಓಡುವ ಬಸ್ಸುಗಳಿಗೆ ಹಳ್ಳಿಗಳ ಕಡೆ ಬೇಕಾದಷ್ಟು ಕೆಲಸವಿದೆ. ಆದರೆ ಪರ್ಮಿಟ್ಟುಗಳನ್ನು ಹಾಗೆ ಹೊಂದಿಸಲು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ರೈಲ್ವೆಯೊಂದಿಗೆ ಒಂದೇ ಮೇಜಿನ ಮುಂದೆ ಕೂರಬೇಕು.

ಹೋಲಿಕೆಗೆ ನೆಲದ ಲೆಕ್ಕವನ್ನೂ ಇಡಬಹುದು. ನಾಲ್ಕು ಪಥದ ಹೆದ್ದಾರಿಗೆ 45 ಮೀಟರ್ ಅಗಲದ ಪಟ್ಟಿ ಬೇಕು. ಒಂಟಿಹಳಿಯ ದಂಡೆಗೆ ಮೇಲ್ಭಾಗದಲ್ಲಿ ಏಳೆಂಟು ಮೀಟರ್ ಸಾಕು, ಅದೂ ಇಲ್ಲಿ ಆಗಲೇ ಇದೆ. ಎಂಟು ಡಬ್ಬಿಯ ಒಂದು ಗಾಡಿ ಹತ್ತಕ್ಕೂ ಹೆಚ್ಚು ಬಸ್ಸುಗಳ ಜನರನ್ನು ಒಮ್ಮೆಗೇ ಒಯ್ಯುತ್ತದೆ. ಇಷ್ಟಿದ್ದೂ ಜಿಲ್ಲೆಯ ಜನಪ್ರತಿನಿಧಿಗಳ ಭಾಷಣದಲ್ಲಿ ಷಟ್ಪಥ, ಮೇಲ್ಸೇತುವೆ, ಸುರಂಗಮಾರ್ಗಗಳು ಬಂದಷ್ಟು ಸಲ ಕ್ರಾಸಿಂಗ್ ಹಳಿಯೆಂಬ ಪದ ಬರುವುದಿಲ್ಲ. ಅದಕ್ಕೆ ಶಿಲಾನ್ಯಾಸದ ಕಲ್ಲು ನಿಲ್ಲಿಸುವಷ್ಟು ಜಾಗವೂ ಬೇಡವಲ್ಲ!

ಹಾಗಾದರೆ ಕೇಳಬೇಕಾದದ್ದು ಏನು? ಸೆಂಟ್ರಲ್ ಅಥವಾ ಜಂಕ್ಷನ್‌ನಿಂದ ಉಡುಪಿ, ಕಾಸರಗೋಡು, ಸುಬ್ರಹ್ಮಣ್ಯ ರೋಡ್‌ಗಳಿಗೆ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗೊಂದರಂತೆ, ಒಂದೇ ನಿಮಿಷಕ್ಕೆ ಹೊರಡುವ ಗಾಡಿಗಳ ಒಂದು ವೇಳಾಪಟ್ಟಿಯನ್ನು ಮೂರೂ ರೈಲ್ವೆಗಳು ಕೂಡಿ ಕಾಗದದ ಮೇಲೆ ತಯಾರಿಸಿ ಸಾರ್ವಜನಿಕರ ಮುಂದಿಡಲಿ. ಅದು ನಡೆಯದಿರುವ ಜಾಗಗಳನ್ನು ಹೆಸರಿಸಲಿ: ಯಾವ ಎರಡು ನಿಲ್ದಾಣಗಳ ನಡುವೆ, ಎಷ್ಟು ಹೊತ್ತಿನಲ್ಲಿ, ಯಾವ ಗಾಡಿ ಅಡ್ಡವಾಗುತ್ತದೆ ಎಂದು. ಅಲ್ಲಲ್ಲಿ ಎಷ್ಟು ಉದ್ದದ ಕ್ರಾಸಿಂಗ್ ಹಳಿ ಬೇಕು, ಅದಕ್ಕೆ ಯಾವ ಗುಡ್ಡದ ಎಷ್ಟು ಭಾಗ ಕಡಿಯಬೇಕಾಗುತ್ತದೆ, ಕಡಿದ ಇಳಿಜಾರಿನ ನೀರು ಎತ್ತ ಹರಿಯುತ್ತದೆ ಎಂಬುದನ್ನು ಆಯಾ ಗ್ರಾಮಸಭೆಗಳಲ್ಲಿ ಕನ್ನಡ, ಮಲಯಾಳಗಳಲ್ಲಿ ಓದಿ ಹೇಳಲಿ. ಈ ವೇಳಾಪಟ್ಟಿ ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಇರಲಿ. ಆಟಿ ತಿಂಗಳಲ್ಲಿ ನಿಧಾನಕ್ಕೆ ಓಡುವ ಗಾಡಿಯ ಬಗ್ಗೆ ಇಲ್ಲಿ ಯಾರೂ ತಕರಾರು ಎತ್ತುವವರಲ್ಲ. ಮತ್ತು ರಾತ್ರಿಯ ಕೊನೆಯ ಗಾಡಿ ನೆಟ್ಟಣ ಮುಟ್ಟುವ ಹೊತ್ತಿಗೆ ಗುತ್ತಿಗಾರು, ಪಂಜ, ಕಡಬಗಳ ಕಡೆಗೆ ಹೊರಡುವ ಒಂದೊಂದು ಬಸ್ಸು ನಿಲ್ದಾಣದ ಹೊರಗೆ ದೀಪ ಹಾಕಿಕೊಂಡು ಕಾಯುತ್ತಿರಲಿ.